ದಿನನಿತ್ಯದ ನಿರ್ಧಾರಗಳಲ್ಲಿ ದೇವರ ದಾರಿ ಕೇಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿ ಬೆಳೆದದ್ದು ಗುಳೇದಗುಡ್ಡದಲ್ಲಿ, ಈಗ ಇರುವುದು ಬಾಗಲಕೋಟೆಯ ನವನಗರದಲ್ಲಿ. ಭಾನುವಾರ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತೇನೆ. ಮಂಗಳವಾರ ಸಂಜೆ ಹೆಣ್ಣುಮಕ್ಕಳ ಪ್ರಾರ್ಥನೆ ಕೂಟ ಇರುತ್ತದೆ. ಕೂಟ ಮುಗಿದು ಚಹಾ ಕಪ್ಪು ಕೈಗೆ ಬಂದಾಗಲೇ ನಿಜವಾದ ಪ್ರಶ್ನೆಗಳು ಹೊರಗೆ ಬರುತ್ತವೆ. "ಅಕ್ಕಾರ, ಮಗಳಿಗೆ ಸೈನ್ಸ್ ಕೊಡಸ್ಲೋ ಕಾಮರ್ಸೋ?" "ಸಂಘದ ಸಾಲ ತಗೀಲೋ ಬ್ಯಾಡೋ?" "ದೇವರ ಚಿತ್ತ ಹ್ಯಾಂಗ ಗೊತ್ತಾಗತೈತ್ರಿ?"

ನಾನು ಸಭಾಪಾಲಕಿ ಅಲ್ಲ, ದೇವಶಾಸ್ತ್ರ ಓದಿದವಳೂ ಅಲ್ಲ. ಆದರೆ ಈ ಪ್ರಶ್ನೆಗಳನ್ನು ನಾನೂ ಹೊತ್ತು ತಿರುಗಿದ್ದೇನೆ. ಒಂದು ಸಲ ತುಂಬಾ ತಪ್ಪಿದ್ದೇನೆ ಕೂಡ. ಆ ಕತೆ ಮುಂದೆ ಬರುತ್ತದೆ. ಮತ್ತೆ ಮತ್ತೆ ಕಿವಿಗೆ ಬಿದ್ದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಬೈಬಲ್ ಪಕ್ಕದಲ್ಲಿ ಇಟ್ಟುಕೊಂಡು ಓದಿ. ಅಧ್ಯಾಯ, ವಚನ ಕೊಟ್ಟಿದ್ದೇನೆ, ನೀವೇ ತೆರೆದು ನೋಡಿ.

ದೇವರ ಚಿತ್ತ ಅಂದರೆ ಎಲ್ಲೋ ಬಚ್ಚಿಟ್ಟ ಗುಟ್ಟಾ?

ಅಲ್ಲ. ನಮ್ಮಲ್ಲಿ ಬಹಳ ಜನ ಹಾಗೆ ಅಂದುಕೊಂಡು ಹೆದರಿಕೊಂಡಿರುತ್ತಾರೆ. ಒಂದೇ ಸರಿ ಉತ್ತರ ಇರುವ ಪ್ರಶ್ನೆಪತ್ರಿಕೆ ಕೊಟ್ಟು, ನಾವು ಎಲ್ಲಿ ತಪ್ಪುತ್ತೇವೆ ಅಂತ ದೇವರು ಕಾಯುತ್ತಾ ಕೂತಿದ್ದಾನೆ ಅನ್ನುವ ಭಾವನೆ. ಆದರೆ ಮೊದಲ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲ "ಇದೇ ದೇವರ ಚಿತ್ತ" ಅಂತ ನೇರವಾಗಿ ಬರೆದ ಕಡೆ ನೋಡಿ. 1 ಥೆಸಲೋನಿಕ 4:3ರಲ್ಲಿ ಪವಿತ್ರರಾಗಿ ಬದುಕುವುದು. ಅದೇ ಪತ್ರದ 5:16-18ರಲ್ಲಿ ಸಂತೋಷ, ಪ್ರಾರ್ಥನೆ, ಕೃತಜ್ಞತೆ. ಮೀಕ 6:8 ಇನ್ನೂ ಸರಳ: ನ್ಯಾಯ, ಕರುಣೆ, ದೇವರ ಮುಂದೆ ತಗ್ಗಿ ನಡೆಯುವುದು. ಇದರಲ್ಲಿ ಗುಟ್ಟು ಏನಿದೆ?

ಹಾಗಾಗಿ ನಮ್ಮ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಆಗಲೇ ಬರೆದಿದೆ. ಅಂಗಡಿಯ ತೂಕದಲ್ಲಿ ಐವತ್ತು ಗ್ರಾಂ ಕಡಿಮೆ ಹಾಕಲೋ ಬೇಡವೋ ಅಂತ ಉಪವಾಸ ಪ್ರಾರ್ಥನೆ ಮಾಡಬೇಕಾಗಿಲ್ಲ. ಜ್ಞಾನೋಕ್ತಿ 11:1 ಓದಿದರೆ ಸಾಕು. ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟು ಮೂರು ವರ್ಷ ಆಯ್ತು, ಈಗ ಹೋಗಲೋ ಬೇಡವೋ ಅಂತ ಗುರುತು ಕಾಯಬೇಕಾಗಿಲ್ಲ. ಹೋಗಿ.

ಉಳಿದ ವಿಷಯಗಳಲ್ಲಿ, ಅಂದರೆ ಎರಡೂ ಒಳ್ಳೆಯವೇ ಆಗಿದ್ದಾಗ, ತಂದೆಯ ಮನೆಯಲ್ಲಿರುವ ಮಕ್ಕಳ ಹಾಗೆ ಆರಿಸಿಕೊಳ್ಳಬಹುದು.

ಸಣ್ಣಪುಟ್ಟ ವಿಷಯಕ್ಕೂ ದೇವರನ್ನು ಕೇಳಬೇಕಾ?

ಮಾತಾಡಿ, ಎಲ್ಲದರ ಬಗ್ಗೆಯೂ. ಆದರೆ ಪ್ರತಿಯೊಂದಕ್ಕೂ ಉತ್ತರ ಬರಲಿ ಅಂತ ಕೈಕಟ್ಟಿ ಕೂರಬೇಡಿ. ಇವತ್ತು ಪುಂಡಿಪಲ್ಯ ಮಾಡಲೋ ಬದನೆಕಾಯಿ ಮಾಡಲೋ ಅನ್ನುವುದನ್ನು ದೇವರು ನಿಮಗೇ ಬಿಟ್ಟಿದ್ದಾನೆ.

ನನಗೆ ನೆಹೆಮೀಯನ ಪ್ರಾರ್ಥನೆ ತುಂಬಾ ಇಷ್ಟ. ಅವನು ಪಾರಸಿಯ ಅರಸನ ಹತ್ತಿರ ಸೇವೆಗಿದ್ದ ಯೆಹೂದ್ಯ. ಅರಸನು "ನಿನಗೆ ಏನು ಬೇಕು?" ಅಂತ ಕೇಳುತ್ತಾನೆ. ಉತ್ತರ ಕೊಡುವ ಮುಂಚೆ, ಅರಸನ ಎದುರಲ್ಲಿ ನಿಂತುಕೊಂಡೇ, ನೆಹೆಮೀಯ ಪರಲೋಕದ ದೇವರಿಗೆ ಪ್ರಾರ್ಥಿಸುತ್ತಾನೆ (ನೆಹೆಮೀಯ 2:4). ಎಷ್ಟು ಹೊತ್ತು ಸಿಕ್ಕಿರಬಹುದು? ಒಂದು ಉಸಿರಿನಷ್ಟು. ಕಣ್ಣು ಮುಚ್ಚಿಲ್ಲ, ಮೊಣಕಾಲೂರಿಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಪಡಿತರದ ಸಾಲಿನಲ್ಲಿ, ಮಗಳ ಮೇಲೆ ಸಿಟ್ಟು ಬಂದ ಗಳಿಗೆಯಲ್ಲಿ ಇಂಥ ಪ್ರಾರ್ಥನೆ ನಮಗೂ ಸಾಧ್ಯ. ಆದರೆ ಇನ್ನೊಂದು ಮಾತಿದೆ. ಅದಕ್ಕೂ ಮುಂಚೆ ಅವನು ದಿನಗಟ್ಟಲೆ ಅತ್ತು, ಉಪವಾಸ ಮಾಡಿ ಪ್ರಾರ್ಥಿಸಿದ್ದ. ಅದು ಮೊದಲನೆಯ ಅಧ್ಯಾಯದಲ್ಲಿದೆ. ಆ ಉದ್ದನೆಯ ಪ್ರಾರ್ಥನೆ ಇದ್ದದ್ದಕ್ಕೇ ಈ ಗಿಡ್ಡ ಪ್ರಾರ್ಥನೆ ಬಾಯಿಗೆ ಬಂತು.

ಪ್ರಾರ್ಥನೆ ಮಾಡಿದ ಮೇಲೆ ನಮ್ಮ ಬುದ್ಧಿ ಓಡಿಸುವುದು ಅಪನಂಬಿಕೆ ಅಲ್ವಾ?

ಅಲ್ಲವೇ ಅಲ್ಲ. ಇದನ್ನು ನಾನು ಕಲಿತದ್ದು ಅವ್ವನ ಮಗ್ಗದ ಹತ್ತಿರ.

ಗುಳೇದಗುಡ್ಡದ ಖಣ ನಿಮಗೆ ಗೊತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1851ರಲ್ಲಿ ನಮ್ಮ ಊರಿಗೆ ಬಂದಾಗಲೂ ಅದು ನೇಕಾರರ ಊರೇ. ನಮ್ಮ ಮನೆಯಲ್ಲೂ ಮಗ್ಗ ಇತ್ತು. ಒಂದು ಹಾಸು (ಮಗ್ಗದ ಉದ್ದನೆಯ ಎಳೆಗಳು) ಮುಗಿಯುತ್ತಾ ಬಂದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಜೋಡಿಸಬೇಕು. ಅವ್ವ ಬೆರಳಿಗೆ ಸ್ವಲ್ಪ ಬೂದಿ ಹಚ್ಚಿಕೊಂಡು ಕೂರುತ್ತಿದ್ದಳು. ಹಳೆಯ ಎಳೆ, ಹೊಸ ಎಳೆ, ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ತಿರುವು, ಮುಂದಿನದು. ಒಂದು ಎಳೆ ಪಕ್ಕದ ಎಳೆಯ ಜಾಗಕ್ಕೆ ಹೋದರೆ ಮುಂದಿನ ಅಷ್ಟೂ ಬಟ್ಟೆಯ ಚಿತ್ತಾರದಲ್ಲಿ ಆ ತಪ್ಪು ಗೆರೆಯ ಹಾಗೆ ಓಡುತ್ತದೆ. ಕೂರುವ ಮುಂಚೆ ಅವ್ವ ಮಗ್ಗದ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದಳು. ಆಮೇಲೆ ಎಣಿಸುತ್ತಿದ್ದಳು.

ಒಂದು ದಿನ ನನ್ನ ಕೈಗೆ ಆ ಕೆಲಸ ಕೊಟ್ಟಳು. ನಾನು ಬೇಗ ಮುಗಿಸಿ ಎದ್ದೆ. "ಪ್ರಾರ್ಥನಿ ಮಾಡೇ ಕುಂತಿದ್ನೆವಾ" ಅಂದೆ. ಅವ್ವ ಅಂದದ್ದು ಇಷ್ಟೇ: "ಪ್ರಾರ್ಥನಿ ಮಾಡೀದಿ, ಚೊಲೊ ಆತು. ಎಳಿ ಎಣಿಸೀಯೇನು?"

ಜ್ಞಾನೋಕ್ತಿ 3:5 ಸ್ವಬುದ್ಧಿಯ ಮೇಲೆ ಒರಗಬೇಡ ಅನ್ನುತ್ತದೆ. ಬುದ್ಧಿಯನ್ನು ಬಿಸಾಕು ಅನ್ನುವುದಿಲ್ಲ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುವುದಿಲ್ಲವೇ ಅಂತ ಯೇಸುವೇ ಕೇಳಿದ್ದಾರೆ (ಲೂಕ 14:28). ಬೋರ್‌ವೆಲ್ ಹಾಕಿಸುವಾಗ, ಮನೆಗೆ ಪಾಯ ತೆಗೆಯುವಾಗ, ಭಿಶಿಗೆ (ಚೀಟಿ ಹಣದ ಗುಂಪಿಗೆ) ಸೇರುವಾಗ ಆ ಲೆಕ್ಕವೂ ಪ್ರಾರ್ಥನೆಯದೇ ಒಂದು ಭಾಗ.

ಬೈಬಲ್ ತೆರೆದು ಕಣ್ಣು ಮುಚ್ಚಿ ಬೆರಳಿಟ್ಟರೆ ಬರುವ ವಾಕ್ಯ ದೇವರ ಉತ್ತರವಾ?

ನಾನು ತಪ್ಪಿದ್ದು ಇಲ್ಲೇ.

ನಮ್ಮ ಸಂಬಂಧಿಕರೊಬ್ಬರು ಸಾಲಕ್ಕೆ ಜಾಮೀನು ಹಾಕು ಅಂತ ಬಂದರು. ದೊಡ್ಡ ಮೊತ್ತ. ಗಂಡ ಊರಲ್ಲಿರಲಿಲ್ಲ. ಮರುದಿನವೇ ಸಹಿ ಬೇಕಂತೆ. ರಾತ್ರಿ ಪ್ರಾರ್ಥಿಸಿ, ಬೈಬಲ್ ತೆರೆದು, ಬೆರಳಿಟ್ಟೆ. ಮತ್ತಾಯ 5:42 ಬಂತು. ಕೇಳುವವನಿಗೆ ಕೊಡು, ಸಾಲ ಕೇಳಿದವನಿಗೆ ಮುಖ ತಿರುಗಿಸಬೇಡ. ನನಗೆ ಮೈ ಜುಮ್ಮೆಂದಿತು. ಇದಕ್ಕಿಂತ ಸ್ಪಷ್ಟ ಉತ್ತರ ಬೇಕಾ ಅಂತ ಬೆಳಗ್ಗೆ ಹೋಗಿ ಸಹಿ ಹಾಕಿದೆ.

ಎಂಟು ತಿಂಗಳ ಮೇಲೆ ಅವರು ಕಂತು ಕಟ್ಟುವುದನ್ನು ನಿಲ್ಲಿಸಿದರು. ನೋಟಿಸು ನಮ್ಮ ಮನೆಗೆ ಬಂತು.

ಅಳುತ್ತಾ ಜ್ಞಾನೋಕ್ತಿ ಓದುವಾಗ 6ನೆಯ ಅಧ್ಯಾಯ ಸಿಕ್ಕಿತು. ಮೊದಲ ಐದು ವಚನಗಳು ಪೂರ್ತಿ ಜಾಮೀನಿನ ಬಗ್ಗೆಯೇ ಇವೆ. ಹೊಣೆಯಾಗಿದ್ದರೆ ನಿದ್ದೆ ಮಾಡಬೇಡ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವ ಹಾಗೆ ತಪ್ಪಿಸಿಕೋ. 22:26-27 ಕೂಡ ಅದೇ: ತೀರಿಸಲು ಏನೂ ಇಲ್ಲದಿದ್ದರೆ ನೀನು ಮಲಗುವ ಹಾಸಿಗೆಯನ್ನೂ ಯಾಕೆ ಎಳೆದುಕೊಂಡು ಹೋಗಬೇಕು? ನಾನು ಕೇಳಿದ ಪ್ರಶ್ನೆಗೆ ನೇರವಾದ ಉತ್ತರ ಬೈಬಲಿನಲ್ಲೇ ಇತ್ತು. ನಾನು ಓದಿರಲಿಲ್ಲ, ಬೆರಳು ಮಾತ್ರ ಇಟ್ಟಿದ್ದೆ.

ಮತ್ತಾಯ 5:42 ಸುಳ್ಳಲ್ಲ. ನನ್ನ ಕೈಯಲ್ಲಿದ್ದದ್ದನ್ನು ಕೊಡು ಅನ್ನುತ್ತದೆ ಅದು. ಇಲ್ಲದ ದುಡ್ಡಿಗೆ, ಗಂಡನಿಗೂ ಹೇಳದೆ, ಮಕ್ಕಳ ಮೇಲೆ ಭಾರ ಹೊರಿಸು ಅನ್ನುವುದಿಲ್ಲ.

1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು ಕನ್ನಡ ಕಲಿತು, ತಿದ್ದಿ, ಮತ್ತೆ ತಿದ್ದಿ, 1831ರ ಹೊತ್ತಿಗೆ ಪೂರ್ತಿ ಬೈಬಲನ್ನು ಕನ್ನಡಕ್ಕೆ ತಂದರು. ಸುಮಾರು ಇಪ್ಪತ್ತು ವರ್ಷ. ಅಷ್ಟು ನಿಧಾನವಾಗಿ ನಮ್ಮ ಭಾಷೆಗೆ ಬಂದ ಪುಸ್ತಕದ ಹತ್ತಿರ ನಾನು ಎರಡು ನಿಮಿಷದಲ್ಲಿ ಉತ್ತರ ಕೇಳಿದ್ದೆ. ಈಗ ದಿನಕ್ಕೆ ಒಂದು ಅಧ್ಯಾಯ, ಬಿಟ್ಟುಬಿಡದೆ, ಸಾಲಾಗಿ ಓದುತ್ತೇನೆ. ಬೇಕಾದ ದಿನ ಬೇಕಾದ ಮಾತು ನೆನಪಿಗೆ ಬರಬೇಕಾದರೆ ಅದು ಮೊದಲು ಒಳಗೆ ಹೋಗಿರಬೇಕು.

ಹೊಸವರ್ಷದ ವಾಗ್ದಾನ ಕಾರ್ಡು ತೆಗೆದುಕೊಳ್ಳಬಹುದಾ?

ತೆಗೆದುಕೊಳ್ಳಿ. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ, ಆ ಚಳಿಯಲ್ಲಿ ಕಾರ್ಡು ಕೈಗೆ ಬಂದಾಗ ಆಗುವ ಖುಷಿ ನನಗೂ ಗೊತ್ತು. ಆದರೆ ಮನೆಗೆ ಬಂದು ಆ ವಚನ ಇರುವ ಪೂರ್ತಿ ಅಧ್ಯಾಯ ಓದಿ.

ನಿಮಗೆ ಒಳ್ಳೆಯ ಮುಂದಿನ ದಿನ, ನಿರೀಕ್ಷೆ ಕೊಡುತ್ತೇನೆ ಅನ್ನುವ ಯೆರೆಮೀಯ 29:11 ಎಲ್ಲರ ಮನೆಯ ಗೋಡೆಯ ಮೇಲೂ ಇದೆ. ಅದು ಯಾರಿಗೆ ಬರೆದ ಪತ್ರ? ಊರು ಬಿಡಿಸಿ ಬಾಬೆಲಿಗೆ ಒಯ್ದಿದ್ದ ಜನಕ್ಕೆ. ಬೇಗ ವಾಪಸ್ ಹೋಗುತ್ತೇವೆ ಅಂತ ಕಾಯುತ್ತಿದ್ದವರಿಗೆ ದೇವರು 70 ವರ್ಷ ಅಂದ. ಅಲ್ಲಿಯ ತನಕ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಆ ಊರಿನ ಒಳಿತಿಗಾಗಿ ಪ್ರಾರ್ಥಿಸಿ ಅಂದ.

ನವನಗರದವರಿಗೆ ಈ ಅಧ್ಯಾಯ ಬೇರೆ ಥರ ಓದಿಸಿಕೊಳ್ಳುತ್ತದೆ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆಗೆ ಬಂದಾಗ ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಖಾಲಿಯಾದವು. ಹೋಗಲೋ ಬೇಡವೋ ಅಂತ ಯಾರೂ ಅವರನ್ನು ಕೇಳಲಿಲ್ಲ. ನಮ್ಮ ಅತ್ತೆ ನವನಗರಕ್ಕೆ ಬಂದ ಮೇಲೂ ಬಹಳ ದಿನ ಟ್ರಂಕಿನ ಬೀಗ ತೆಗೆಯಲಿಲ್ಲ. ಒಂದು ಮಳೆಗಾಲದಲ್ಲಿ ಹಿತ್ತಿಲಿನಲ್ಲಿ ನುಗ್ಗೆ ಕೊಂಬೆ ನೆಟ್ಟರು. ಅವತ್ತೇ ಟ್ರಂಕೂ ತೆರೆದರು. ನಿರ್ಧಾರ ನಮ್ಮ ಕೈಯಲ್ಲಿ ಇಲ್ಲದಾಗ ದೇವರ ದಾರಿ ಯಾವುದು ಅಂತ ಯಾರಾದರೂ ಕೇಳಿದರೆ ನನಗೆ ಆ ನುಗ್ಗೆಗಿಡ ನೆನಪಾಗುತ್ತದೆ.

ಚೀಟಿ ಹಾಕಿ ಎತ್ತಬಹುದಾ? ಗಿದ್ಯೋನ ಉಣ್ಣೆ ಇಟ್ಟ ಹಾಗೆ ಗುರುತು ಕೇಳಬಹುದಾ?

ಅಪೊಸ್ತಲರು ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಲು ಚೀಟಿ ಹಾಕಿದರು, ನಿಜ (ಅಪೊಸ್ತಲರ ಕೃತ್ಯಗಳು 1:26). ಅದು ಪವಿತ್ರಾತ್ಮ ಇಳಿದುಬರುವ ಮುಂಚಿನ ಮಾತು. ಆಮೇಲೆ ಅವರು ಚೀಟಿ ಹಾಕಿದ್ದು ಆ ಪುಸ್ತಕದಲ್ಲಿ ಎಲ್ಲೂ ಸಿಗುವುದಿಲ್ಲ. ಕೂಡುತ್ತಾರೆ, ಮಾತಾಡುತ್ತಾರೆ, ವಾದ ಮಾಡುತ್ತಾರೆ. ಕೊನೆಗೆ "ಪವಿತ್ರಾತ್ಮನಿಗೂ ನಮಗೂ ಸರಿ ಕಂಡಿತು" ಅನ್ನುತ್ತಾರೆ (15:28).

ಗಿದ್ಯೋನನಿಗೆ ಏನು ಮಾಡಬೇಕು ಅಂತ ದೇವರು ಆಗಲೇ ಹೇಳಿಬಿಟ್ಟಿದ್ದ (ನ್ಯಾಯಸ್ಥಾಪಕರು 6). ಆಮೇಲೆ ಅವನು ಕಣದಲ್ಲಿ ಉಣ್ಣೆ ಇಟ್ಟು, ಮಂಜು ಅದರ ಮೇಲೆ ಮಾತ್ರ ಬೀಳಲಿ ಅಂತ ಗುರುತು ಕೇಳಿದ. ಅದು ದಾರಿ ತಿಳಿಯಲಿಕ್ಕಲ್ಲ, ಹೆದರಿಕೆಗೆ. ದೇವರು ಅವನ ಹೆದರಿಕೆಯನ್ನೂ ತಾಳಿಕೊಂಡ. ಅದು ದೇವರ ದಯೆ.

ನಮ್ಮ ಸುತ್ತಮುತ್ತ ದೇವರಿಗೆ ಹೂ ಕೇಳುವ ಪದ್ಧತಿ ಇದೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ನಾವು ಹೂವಿನ ಬದಲು ಚೀಟಿ ಇಟ್ಟು ಅದಕ್ಕೆ ಕ್ರೈಸ್ತ ಹೆಸರು ಕೊಟ್ಟರೆ ಏನು ಬದಲಾಯ್ತು? ಮಗ ಅಪ್ಪನ ಹತ್ತಿರ ಕೂತು ಮಾತಾಡುವುದನ್ನು ಬಿಟ್ಟು ಅಪ್ಪನ ಮುಂದೆ ನಾಣ್ಯ ಚಿಮ್ಮಿದ ಹಾಗೆ ಆಗುತ್ತದೆ.

ಅಮಾವಾಸ್ಯೆ, ರಾಹುಕಾಲ, ಒಳ್ಳೆ ದಿನ ನೋಡಬೇಕು ಅಂತ ಮನೆಯ ಹಿರಿಯರು ಹೇಳುತ್ತಾರೆ. ಏನು ಮಾಡಲಿ?

ಜಗಳ ಮಾಡಬೇಡಿ. ಅವರು ನಮ್ಮ ಒಳ್ಳೆಯದಕ್ಕೇ ಹೇಳುತ್ತಾರೆ. "ಎಲ್ಲಾ ದಿನವೂ ದೇವರು ಮಾಡಿದ ದಿನವೇರಿ, ನಾವು ಪ್ರಾರ್ಥನೆ ಮಾಡಿ ಶುರು ಮಾಡ್ತೀವಿ" ಅಂತ ಮೆತ್ತಗೆ ಹೇಳಿ. ಆದರೆ ಒಳಗಿನ ಹೆದರಿಕೆಯನ್ನು ಮಾತ್ರ ಇಟ್ಟುಕೊಳ್ಳಬೇಡಿ.

ಮನಸ್ಸಿಗೆ ಸಮಾಧಾನ ಇದೆ. ಅಂದರೆ ದೇವರು ಒಪ್ಪಿದ ಹಾಗೆ ಅಲ್ವಾ?

ಯಾವಾಗಲೂ ಅಲ್ಲ. ಯೋನ ದೇವರಿಂದ ಓಡಿಹೋಗುವಾಗ ಹಡಗಿನ ತಳದಲ್ಲಿ ಗಾಢ ನಿದ್ದೆಯಲ್ಲಿದ್ದ. ಬಿರುಗಾಳಿ ಎದ್ದರೂ ಎಚ್ಚರ ಆಗಲಿಲ್ಲ. ಅಷ್ಟು ಸಮಾಧಾನ! ಇನ್ನೊಂದು ಕಡೆ ಗೆತ್ಸೇಮನೆಯಲ್ಲಿ ಯೇಸು ಪ್ರಾಣ ಹೋಗುವಷ್ಟು ದುಃಖದಲ್ಲಿದ್ದರು. ತಂದೆಯ ಚಿತ್ತದ ನಟ್ಟನಡುವೆ ಇದ್ದರು.

ಕೊಲೊಸ್ಸೆ 3:15ರಲ್ಲಿ ಕ್ರಿಸ್ತನ ಸಮಾಧಾನ ನಿಮ್ಮ ಹೃದಯಗಳನ್ನು ಆಳಲಿ ಅಂತ ಇದೆ. ಆದರೆ ಹಿಂದಿನ ಮೂರು ವಚನ ಓದಿ. ಒಬ್ಬರನ್ನೊಬ್ಬರು ಸೈರಿಸಿಕೊಳ್ಳುವುದು, ಕ್ಷಮಿಸುವುದು, ಪ್ರೀತಿಸುವುದು. ಒಂದೇ ದೇಹವಾಗಿ ಬದುಕುವವರ ನಡುವಿನ ಸಮಾಧಾನ ಅದು. ಹಾಗಾಗಿ ನಾನು ಪ್ರಶ್ನೆಯನ್ನು ಹೀಗೆ ತಿರುಗಿಸಿ ಕೇಳಿಕೊಳ್ಳುತ್ತೇನೆ: ಈ ನಿರ್ಧಾರದಿಂದ ನನ್ನ ಮನೆಯಲ್ಲಿ, ಸಭೆಯಲ್ಲಿ ಸಮಾಧಾನ ಬೆಳೆಯುತ್ತದಾ, ಒಡೆಯುತ್ತದಾ?

ಜಾಮೀನಿಗೆ ಸಹಿ ಹಾಕಿದ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದ್ದೆ.

ದೇವರು ಬಾಗಿಲು ತೆರೆದಿದ್ದಾನೆ ಅಂತ ಹೇಗೆ ಗೊತ್ತಾಗುತ್ತದೆ?

ತೆರೆದ ಬಾಗಿಲೆಲ್ಲ ಒಳಗೆ ಹೋಗು ಅನ್ನುವುದಿಲ್ಲ. ದಾವೀದನನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಸೌಲ ಗುಹೆಯೊಳಗೆ ದಾವೀದನ ಕೈಗೇ ಸಿಕ್ಕಿಬಿಟ್ಟ. ದೇವರೇ ಒಪ್ಪಿಸಿದ್ದಾನೆ ಅಂತ ಜೊತೆಗಿದ್ದವರು ಹೇಳಿದರು. ದಾವೀದ ಬಟ್ಟೆಯ ಅಂಚು ಕತ್ತರಿಸಿದನೇ ಹೊರತು ಕೊಲ್ಲಲಿಲ್ಲ, ಅಷ್ಟಕ್ಕೂ ಮನಸ್ಸು ಚುಚ್ಚಿತು (1 ಸಮುವೇಲ 24). ತ್ರೋವದಲ್ಲಿ ಪೌಲನಿಗೆ ಕರ್ತನಿಂದಲೇ ಬಾಗಿಲು ತೆರೆದಿತ್ತು. ಆದರೂ ಜೊತೆಗಾರ ತೀತನು ಸಿಗಲಿಲ್ಲ ಅಂತ ಮನಸ್ಸು ತಡೆಯದೆ ಮುಂದೆ ಹೋದ (2 ಕೊರಿಂಥ 2:12-13). ಅದಕ್ಕಾಗಿ ದೇವರು ಅವನನ್ನು ಬೈದದ್ದು ಎಲ್ಲೂ ಇಲ್ಲ. ಅವಕಾಶ ಬಂದರೆ ನೋಡಿ, ತೂಗಿ. ಅದನ್ನೇ ಅಪ್ಪಣೆ ಅಂದುಕೊಳ್ಳಬೇಡಿ.

ಒಬ್ಬರು "ನಿನಗಾಗಿ ದೇವರು ನನ್ನ ಹತ್ತಿರ ಮಾತಾಡಿದ" ಅಂತ ಪ್ರವಾದನೆ ಹೇಳಿದರು. ಕೇಳಬೇಕಾ?

ಗೌರವದಿಂದ ಕೇಳಿಸಿಕೊಳ್ಳಿ. ಆಮೇಲೆ ಪರೀಕ್ಷಿಸಿ. ಪ್ರವಾದನೆಯನ್ನು ಹೀನಾಯ ಮಾಡಬೇಡಿ ಅಂದ ಪೌಲನೇ ಮರು ಮಾತಿಗೆ ಎಲ್ಲವನ್ನೂ ಪರೀಕ್ಷಿಸಿ ಅಂದಿದ್ದಾನೆ (1 ಥೆಸಲೋನಿಕ 5:20-21).

1 ಅರಸುಗಳು 13 ಓದಿದ್ದೀರಾ? ಎಲ್ಲೂ ಉಣ್ಣದೆ, ಬಂದ ದಾರಿಯಲ್ಲಿ ತಿರುಗದೆ ಹೋಗು ಅಂತ ದೇವರು ಒಬ್ಬ ದೇವಮನುಷ್ಯನಿಗೆ ನೇರವಾಗಿ ಹೇಳಿರುತ್ತಾನೆ. ಒಬ್ಬ ಮುದಿ ಪ್ರವಾದಿ ಬಂದು, ನಾನೂ ಪ್ರವಾದಿಯೇ, ನಿನ್ನನ್ನು ಊಟಕ್ಕೆ ಕರೆತರಲು ದೇವದೂತ ಹೇಳಿದ ಅನ್ನುತ್ತಾನೆ. ಅದು ಸುಳ್ಳು. ನಂಬಿ ಹೋದವನು ಜೀವ ಕಳಕೊಂಡ. ದೇವರು ನಿಮಗೆ ಸ್ಪಷ್ಟವಾಗಿ ಹೇಳಿದ್ದನ್ನು ಇನ್ನೊಬ್ಬರ ಕನಸಿಗಾಗಿ ಬಿಡಬೇಡಿ. ಪ್ರವಾದನೆಯ ಹಿಂದೆಯೇ ಕಾಣಿಕೆಯ ಮೊತ್ತ ಬಂದರೆ, ಅಥವಾ "ಇದನ್ನು ಯಾರಿಗೂ ಹೇಳಬೇಡ" ಅಂತ ಬಂದರೆ, ಅಲ್ಲಿಂದ ಎದ್ದು ಬನ್ನಿ.

ಮಗಳಿಗೆ ವರ ಬಂದಿದೆ. ದೇವರ ಚಿತ್ತ ಹೇಗೆ ತಿಳಿಯಲಿ?

ಜಾಸ್ತಿ ಜನ ಕೇಳುವ ಪ್ರಶ್ನೆ ಇದು, ಜಾಸ್ತಿ ಗೊಂದಲ ಇರುವುದೂ ಇಲ್ಲೇ.

ಪೌಲ ವಿಧವೆಯರಿಗೆ ಬರೆದ ಮಾತು ನೋಡಿ: ಬೇಕಾದವನನ್ನು ಮದುವೆಯಾಗಬಹುದು, ಕರ್ತನಲ್ಲಿ ಆಗಿರಬೇಕು ಅಷ್ಟೇ (1 ಕೊರಿಂಥ 7:39). ಬೇಕಾದವನನ್ನು! ಅಂದರೆ ಹುಡುಗಿಯ ಮನಸ್ಸಿಗೆ ಬೆಲೆ ಇದೆ. "ನಾವು ಪ್ರಾರ್ಥನೆ ಮಾಡಿದ್ದೇವೆ, ದೇವರ ಚಿತ್ತ ಇದೆ, ನೀನು ಹೂಂ ಅನ್ನು" ಅಂತ ಮಗಳನ್ನು ಒಪ್ಪಿಸುವುದು ತಪ್ಪು. ದೇವರ ಹೆಸರನ್ನು ಬಾಯಿ ಮುಚ್ಚಿಸಲು ಬಳಸಬಾರದು. ಅವಳು ಬೇಡ ಅಂದರೆ ಯಾಕೆ ಅಂತ ಕೂತು ಕೇಳಿ.

ಪ್ರಾರ್ಥನೆ ಮಾಡಿ, ಆಮೇಲೆ ವಿಚಾರಿಸಿ. ಹುಡುಗನ ಊರಿಗೆ ಹೋಗಿ. ಅವನು ಹೋಗುವ ಚರ್ಚಿನವರನ್ನು ಕೇಳಿ, ಅವನು ಕೆಲಸ ಮಾಡುವ ಕಡೆ ಕೇಳಿ, ಬಾಜೂ ಮನೆಯವರನ್ನು ಕೇಳಿ. ಕುಡಿತ ಇದೆಯಾ? ಸಾಲ ಎಷ್ಟಿದೆ? ತಾಯಿಯ ಜೊತೆ ಹೇಗೆ ಮಾತಾಡುತ್ತಾನೆ? ಅಬ್ರಹಾಮನ ಮಗ ಇಸಾಕನಿಗೆ ಹೆಣ್ಣು ಹುಡುಕಲು ಹೋಗಿ ರೆಬೆಕ್ಕಳನ್ನು ಕಂಡ ಸೇವಕನು ಬಾವಿಯ ಹತ್ತಿರ ಪ್ರಾರ್ಥಿಸಿದ, ನಿಜ. ಆದರೆ ಅವನು ಕೇಳಿದ ಗುರುತು ಏನು? ಬಾಯಾರಿದ ಅಪರಿಚಿತನಿಗೂ ಅವನ ಒಂಟೆಗಳಿಗೂ ನೀರು ಸೇದಿ ಹಾಕುವವಳು (ಆದಿಕಾಂಡ 24). ಹತ್ತು ಒಂಟೆ, ಸಂಜೆಯ ಹೊತ್ತು, ಕೊಡದಲ್ಲಿ ನೀರು. ಅದು ಗುಣದ ಪರೀಕ್ಷೆ. ಮನೆಗೆ ಹೋದ ಮೇಲೂ ರೆಬೆಕ್ಕಳನ್ನು ಕರೆದು "ಹೋಗುತ್ತೀಯಾ?" ಅಂತ ಕೇಳಿದರು.

ಬಂಗಾರ ಎಷ್ಟು ತೊಲ, ಗಾಡಿ ಯಾವುದು ಅನ್ನುವ ಮಾತು ಮೊದಲ ಭೇಟಿಯಲ್ಲೇ ಬಂದರೆ ಅದನ್ನು ಗುರುತು ಅಂದುಕೊಳ್ಳಿ. ಜಾತಿ ಕೇಳಿದರೂ ಅಷ್ಟೇ. ಯೇಸುವಿನ ಮೇಜಿನಲ್ಲಿ ಒಂದೇ ರೊಟ್ಟಿ ಮುರಿದು ತಿಂದು, ಹೊರಗೆ ಬಂದು ಜಾತಿ ಹುಡುಕುವುದನ್ನು ನೋಡಿದರೆ ನನಗೆ ನಿಜವಾಗಿಯೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಇಬ್ಬರ ಹೆಸರು ಓದಿ ಹೇಳುತ್ತಾರಲ್ವಾ, ಯಾರಿಗಾದರೂ ಅಡ್ಡಿ ಗೊತ್ತಿದ್ದರೆ ತಿಳಿಸಿ ಅಂತ? ಎಷ್ಟೋ ಜನ ಅದನ್ನು ಸುಮ್ನೆ ಪ್ರಕಟಣೆ ಅಂದುಕೊಂಡಿದ್ದಾರೆ. ನನಗೆ ಅದು ಒಳ್ಳೆಯ ಏರ್ಪಾಡು ಅನ್ನಿಸುತ್ತದೆ. ನಿಮ್ಮ ಕಣ್ಣಿಗೆ ಬೀಳದ್ದು ಸಭೆಯ ಇನ್ನೊಬ್ಬರ ಕಣ್ಣಿಗೆ ಬಿದ್ದಿರಬಹುದು. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಇದಕ್ಕೆ ಪ್ರಾರ್ಥನೆ ಬೇಕಾಗಿಲ್ಲ, ಕಾನೂನೇ ಹೇಳುತ್ತದೆ.

ಮಳೆ ಇಲ್ಲ. ದುಡಿಯಲು ಗೋವಾಕ್ಕೋ ಪುಣೆಗೋ ಹೋಗಲಾ?

ವಿಜಯಪುರದ ಕಡೆಯಿಂದ ಈ ಪ್ರಶ್ನೆ ಬರುತ್ತದೆ. ಗುಳೆ ಹೋಗುವುದು ಪಾಪವಲ್ಲ, ನಂಬಿಕೆ ಕಡಿಮೆ ಆದದ್ದೂ ಅಲ್ಲ. ಬರ ಬಂದಾಗ ಯಾಕೋಬನ ಮಕ್ಕಳೂ ಕಾಳಿಗಾಗಿ ಐಗುಪ್ತಕ್ಕೆ ಹೋದರು.

ಪೌಲನ ಪ್ರಯಾಣ ನೋಡಿ (ಅಪೊಸ್ತಲರ ಕೃತ್ಯಗಳು 16:6-10). ಒಂದು ಕಡೆ ಹೋಗಲು ಹೊರಟ, ತಡೆ ಬಂತು. ಇನ್ನೊಂದು ಕಡೆ ಹೊರಟ, ಅಲ್ಲೂ ತಡೆ. ಆದರೂ ನಡೆಯುವುದನ್ನು ನಿಲ್ಲಿಸಲಿಲ್ಲ. ಆಮೇಲೆ ರಾತ್ರಿ ಮಕೆದೋನ್ಯದ ಮನುಷ್ಯ ಕರೆದ ಹಾಗೆ ದರ್ಶನ ಆಯಿತು. ದರ್ಶನ ಕಂಡದ್ದು ಪೌಲ ಒಬ್ಬನೇ. ತೀರ್ಮಾನದ ಮಾತು ಬಂದಾಗ ಮಾತ್ರ ಆ ಪುಸ್ತಕ ಬರೆದ ಲೂಕನು "ನಾವು" ಅಂತ ಬರೆಯುತ್ತಾನೆ.

ಹಾಗಾಗಿ ಮನೆಯವರೆಲ್ಲ ಕೂತು ಮಾತಾಡಿ. ಮಕ್ಕಳ ಶಾಲೆ ಏನಾಗುತ್ತದೆ? ಊರಲ್ಲಿ ಉಳಿಯುವ ಅವ್ವನಿಗೆ ಗುಳಿಗೆ ಯಾರು ಕೊಡುತ್ತಾರೆ? (ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ಬಿಟ್ಟವನು ಅನ್ನುವ 1 ತಿಮೊಥೆಯ 5:8 ಮರೆಯಬೇಡಿ.) ಮುಂಗಡ ಕೊಟ್ಟ ಮೇಸ್ತ್ರಿ ಎಂಥವನು? ಅಲ್ಲಿ ಭಾನುವಾರ ರಜೆ ಸಿಗುತ್ತದಾ, ಹತ್ತಿರ ಸಭೆ ಇದೆಯಾ? ಹೋದ ಮೇಲೆ ಊರಿನ ಸಭೆಗೆ ಒಂದು ಫೋನ್ ಮಾಡುತ್ತಾ ಇರಿ. ಒಂಟಿಯಾಗಬೇಡಿ.

ಮದುವೆಯಾಗಿ ಬೆಳಗಾವಿಗೆ ಬಂದೆ. ಇಲ್ಲಿ ಇಷ್ಟೊಂದು ಚರ್ಚುಗಳಿವೆ, ಯಾವುದಕ್ಕೆ ಹೋಗಲಿ?

ಬೆಳಗಾವಿಗೆ 1820ರಲ್ಲೇ ಲಂಡನ್ ಮಿಷನರಿ ಸೊಸೈಟಿಯವರು ಬಂದರು. 1904ರಲ್ಲಿ ಅವರ ಕೆಲಸ ಮೆಥೋಡಿಸ್ಟರ ಕೈಗೆ ಬಂತು. ಕ್ಯಾಂಪಿನಲ್ಲಿ ಸೈನಿಕರಿಗಾಗಿ ಕಟ್ಟಿದ ಹಳೆಯ ಚರ್ಚಿದೆ. 1953ರಲ್ಲಿ ಕ್ಯಾಥೊಲಿಕರ ಧರ್ಮಪ್ರಾಂತ್ಯ ಆಯಿತು. ಕನ್ನಡ, ಮರಾಠಿ, ಕೊಂಕಣಿ, ಇಂಗ್ಲಿಷ್, ನಿಮ್ಮ ಮನಸ್ಸು ಅಳುವ ಭಾಷೆ ಯಾವುದೋ ಅದರಲ್ಲಿ ಆರಾಧನೆ ಸಿಗುತ್ತದೆ. ಗಂಡನ ಜೊತೆ ಮಾತಾಡಿ ಒಂದನ್ನು ಆರಿಸಿ, ಅಲ್ಲೇ ಬೇರೂರಿ. ವಾರಕ್ಕೊಂದು ಚರ್ಚು ತಿರುಗಿದರೆ ನೀವು ಬಾರದ ದಿನ ಯಾಕೆ ಬಂದಿಲ್ಲ ಅಂತ ಕೇಳುವವರೇ ಇರುವುದಿಲ್ಲ.

ಕಾಯಿಲೆ ಬಂದಾಗ ಡಾಕ್ಟರ ಹತ್ತಿರ ಹೋಗದೆ ಪ್ರಾರ್ಥನೆಯಲ್ಲೇ ಕಾಯಬೇಕಾ?

ಹೋಗಿ. ತಡಮಾಡಬೇಡಿ. ಲೂಕನು ವೈದ್ಯನಾಗಿದ್ದ (ಕೊಲೊಸ್ಸೆ 4:14). ಬಾಸೆಲ್ ಮಿಷನ್‌ನವರು ಗದಗ-ಬೆಟಗೇರಿಯಲ್ಲಿ ಚರ್ಚಿನ ಜೊತೆ ಆಸ್ಪತ್ರೆಯನ್ನೂ ಕಟ್ಟಿದರು. ಶುಗರ್, ಬಿಪಿ, ಫಿಟ್ಸ್, ಮನಸ್ಸಿನ ಕಾಯಿಲೆ, ಯಾವುದರ ಗುಳಿಗೆಯನ್ನೂ ಡಾಕ್ಟರನ್ನು ಕೇಳದೆ ಬಿಡಬೇಡಿ. ಬಿಡು ಅಂತ ಯಾರು ಹೇಳಿದರೂ ಬಿಡಬೇಡಿ. ಗುಳಿಗೆ ನುಂಗುವ ಮುಂಚೆ ಪ್ರಾರ್ಥಿಸಿ, ನುಂಗಿ.

ಪ್ರಾರ್ಥಿಸಿದೆ, ಯಾವ ಉತ್ತರವೂ ಬರಲಿಲ್ಲ. ನಾಳೆಯೇ ಅರ್ಜಿಯ ಕೊನೆಯ ದಿನ.

ಹಾಗಾದರೆ ನಿರ್ಧಾರ ಮಾಡಿ. ಜ್ಞಾನ ಬೇಕಾದವನು ಕೇಳಲಿ, ದೇವರು ಹಂಗಿಸದೆ ಕೊಡುತ್ತಾನೆ ಅಂತ ಯಾಕೋಬ 1:5ರಲ್ಲಿದೆ. ಅಲ್ಲಿ ಕೊಡುತ್ತೇನೆ ಅಂದದ್ದು ಜ್ಞಾನ. ಆಕಾಶದಿಂದ ಇಳಿಯುವ ಚೀಟಿಯಲ್ಲ. ಕೇಳಿದ್ದೀರಲ್ವಾ? ಕೊಟ್ಟಿದ್ದಾನೆ ಅಂತ ನಂಬಿ, ಗೊತ್ತಿದ್ದಷ್ಟನ್ನು ಇಟ್ಟುಕೊಂಡು ಹೆಜ್ಜೆ ಇಡಿ.

ನಮ್ಮ ಕೂಟದ ಒಬ್ಬ ತಾಯಿಯ ಮಗಳಿಗೆ ನರ್ಸಿಂಗ್ ಸೀಟೂ ಬಂತು, ಡಿಗ್ರಿ ಸೀಟೂ ಬಂತು. ಮೂರು ದಿನ ಉಪವಾಸ ಮಾಡಿದರು. ಏನೂ ಕೇಳಿಸಲಿಲ್ಲ. ಕೊನೆಗೆ ಮಗಳನ್ನೇ ಕೇಳಿದರು. ಅಜ್ಜಿಯ ಕಾಲಿನ ಹುಣ್ಣಿಗೆ ತಿಂಗಳುಗಟ್ಟಲೆ ಪಟ್ಟಿ ಕಟ್ಟಿದವಳು ಅವಳೇ. "ನನಗ ಅದು ಹೇಸಿಗಿ ಅನಸಂಗಿಲ್ಲವ್ವಾ" ಅಂದಳಂತೆ. ಆ ಮಾತು ಕೇಳಿ ತಾಯಿ ಫೀ ಕಟ್ಟಲು ಹೊರಟರು.

ನಾನು ಆಗಲೇ ತಪ್ಪು ನಿರ್ಧಾರ ಮಾಡಿಬಿಟ್ಟಿದ್ದೇನೆ. ಇನ್ನು ದೇವರ ದಾರಿ ನನಗೆ ಮುಚ್ಚಿಹೋಯಿತಾ?

ನೋಟಿಸು ಬಂದ ವಾರ ನಾನು ಕೂಟಕ್ಕೆ ಹೋಗಲಿಲ್ಲ. ಮುಖ ತೋರಿಸಲು ನಾಚಿಕೆ. ನಮ್ಮ ಸಭಾಪಾಲಕರು ಮನೆಗೇ ಬಂದರು. ಪ್ರಾರ್ಥನೆ ಮಾಡುವ ಮುಂಚೆ ಯೆಹೋಶುವ 9 ಓದಿದರು.

ಗಿಬ್ಯೋನಿನವರು ಹಳೆಯ ಬಟ್ಟೆ ತೊಟ್ಟು, ಬೂಸ್ಟು ಹಿಡಿದ ರೊಟ್ಟಿ ತಂದು, ದೂರದ ಊರಿನವರು ಅಂತ ಸುಳ್ಳು ಹೇಳುತ್ತಾರೆ. ಇಸ್ರಾಯೇಲಿನ ಹಿರಿಯರು ರೊಟ್ಟಿಯನ್ನು ಮುಟ್ಟಿ ನೋಡಿದರು, ಯೆಹೋವನನ್ನು ಕೇಳಲಿಲ್ಲ. ನಿಮ್ಮನ್ನು ಕೊಲ್ಲುವುದಿಲ್ಲ ಅಂತ ಆಣೆ ಮಾಡಿಬಿಟ್ಟರು. ಮೂರು ದಿನದ ಮೇಲೆ ಮೋಸ ಗೊತ್ತಾಯಿತು. ಜನ ಗೊಣಗಿದರು. ಆದರೂ ಕೊಟ್ಟ ಮಾತನ್ನು ಮುರಿಯಲಿಲ್ಲ. ಮುಂದಿನ ಅಧ್ಯಾಯದಲ್ಲಿ ಐದು ಅರಸರು ಗಿಬ್ಯೋನಿನ ಮೇಲೆ ಬಿದ್ದಾಗ ಯೆಹೋಶುವ ರಾತ್ರಿಯೆಲ್ಲ ನಡೆದು ಅವರನ್ನು ಉಳಿಸಲು ಹೋದ. ಆ ಯುದ್ಧದಲ್ಲಿ ದೇವರು ಅವನ ಜೊತೆಗಿದ್ದ. ಕೇಳದೆ ಮಾಡಿದ ಒಪ್ಪಂದ ಅದು. ಆದರೂ ದೇವರು ಕೈಬಿಡಲಿಲ್ಲ.

ಸಭಾಪಾಲಕರು ಅಲ್ಲಿಗೆ ನಿಲ್ಲಿಸಲಿಲ್ಲ. 1 ಅರಸುಗಳು 3 ತೆಗೆದರು. ಎಷ್ಟೋ ಕಾಲದ ಮೇಲೆ ಸೊಲೊಮೋನನ ಕನಸಿನಲ್ಲಿ ದೇವರು ಬಂದು "ಏನು ಬೇಕು, ಕೇಳು" ಅನ್ನುತ್ತಾನೆ. ಸೊಲೊಮೋನ ವಿವೇಕವುಳ್ಳ ಹೃದಯ ಕೇಳುತ್ತಾನೆ. ಅದು ನಡೆದ ಊರು ಯಾವುದು ಅಂತ ನನ್ನ ಕೈಯಲ್ಲೇ ಓದಿಸಿದರು. ಗಿಬ್ಯೋನ್. ಇಸ್ರಾಯೇಲಿನ ಹಿರಿಯರು ದೇವರನ್ನು ಕೇಳದೆ ಯಾರಿಂದ ಮೋಸ ಹೋದರೋ ಅವರ ಊರೇ.

ಗಂಡ ನನ್ನನ್ನು ಬೈದರು, ಎರಡು ದಿನ ಮಾತಾಡಲಿಲ್ಲ. ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ನನ್ನ ಬಳೆ ಮಾರಿದೆವು. ಪೂರ್ತಿ ತೀರಲು ನಾಲ್ಕು ವರ್ಷ ಹಿಡಿಯಿತು. ಆ ಸಂಬಂಧಿಕರ ಮನೆಗೆ ನಾನು ಮತ್ತೆ ಹೋಗಲು ಇನ್ನೂ ಒಂದು ವರ್ಷ ಬೇಕಾಯಿತು. ಕೊನೆಯ ಕಂತಿನ ರಸೀದಿಯನ್ನು 1 ಅರಸುಗಳು 3ರ ಹಾಳೆಯಲ್ಲಿ ಇಟ್ಟಿದ್ದೇನೆ. ಓದುತ್ತಾ ಅಲ್ಲಿಗೆ ಬಂದಾಗಲೆಲ್ಲ ತೆಗೆದು, ಮತ್ತೆ ಅಲ್ಲೇ ಇಡುತ್ತೇನೆ.